ಮೂಡಿಗೆರೆಯ ತೋಟದಿಂದ ಹೊರಟ ರಹಸ್ಯಗಳು

ಸಾಹಿತಿಗಳ ಗುಂಪಿನಿಂದ ದೂರ, ಕಾಫಿ ತೋಟದಲ್ಲಿ ಕೂತು ಬರೆದ ತೇಜಸ್ವಿ ಎಲ್ಲರಿಗಿಂತ ಹೆಚ್ಚು ಜನರ ಹತ್ತಿರ ಬಂದಿದ್ದು ಹೇಗೆ?

ಮಲೆನಾಡಿನ ಒಂದು ಊರು, ಹೆಸರು ಕೆಸರೂರು. ಏಲಕ್ಕಿ ಬೆಳೆ ವರ್ಷದಿಂದ ವರ್ಷಕ್ಕೆ ಕುಸೀತಾ ಇದೆ. ಅದೇ ಏಲಕ್ಕಿ ಮೇಲೆ ಸಂಶೋಧನೆ ಮಾಡ್ತಿದ್ದ ಜೋಗಿಹಾಳ್ ಅನ್ನೋ ವಿಜ್ಞಾನಿ ಸತ್ತುಹೋಗಿದ್ದಾನೆ. ಸಹಜ ಸಾವೋ ಕೊಲೆಯೋ ಗೊತ್ತಿಲ್ಲ. ಗುಪ್ತಚರ ಇಲಾಖೆಯ ಅಂಗಡಿ ಅನ್ನೋ ಅಧಿಕಾರಿ ತನಿಖೆಗೆ ಅಂತ ಬಂದಿಳೀತಾನೆ. ಊರಲ್ಲಿ ನೋಡಿದ್ರೆ ರಾತ್ರಿ ಹೊತ್ತು ಮನೆ ಮೇಲೆ ಕಲ್ಲು ಬೀಳ್ತಿದೆ, ಕಾಲೇಜು ಹುಡುಗರು ಕ್ರಾಂತಿಯ ಮಾತಾಡ್ತಿದ್ದಾರೆ, ರಫಿ ಮತ್ತು ಜಯಂತಿಯ ಪ್ರೀತಿ ಎರಡು ಧರ್ಮದವರ ಕಣ್ಣೂ ಕೆಂಪಾಗಿಸಿದೆ. ಯಾವ ಎಳೆ ಹಿಡಿದು ಎಳೆದರೂ ಇನ್ನೊಂದು ಎಳೆ ಬಿಗಿಯುತ್ತೆ.

ಇದು ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’. 1985ರಲ್ಲಿ ಬಂದ ಈ ಕಾದಂಬರಿಗೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಒಬ್ಬ ಸತ್ತವನು, ಒಬ್ಬ ಪತ್ತೇದಾರ, ಒಂದಷ್ಟು ಶಂಕಿತರು. ಬಸ್‌ಸ್ಟ್ಯಾಂಡ್ ಅಂಗಡಿಯಲ್ಲಿ ನೇತುಹಾಕಿರೋ ಪತ್ತೇದಾರಿ ಪುಸ್ತಕಕ್ಕೆ ಬೇಕಾದ ಸಾಮಾನೆಲ್ಲ ಇದರಲ್ಲಿತ್ತು. ಬರೆದವರು ಇದ್ದಿದ್ದು ಬೆಂಗಳೂರಿನಿಂದ ಸುಮಾರು 250 ಕಿಲೋಮೀಟರ್ ದೂರದ ಮೂಡಿಗೆರೆಯ ಕಾಫಿ ತೋಟದಲ್ಲಿ.

ತೇಜಸ್ವಿಯವರ ಬಗ್ಗೆ ನಾವೆಲ್ಲ ಕೇಳಿರೋ ಕಥೆ ಒಂದೇ: ಊರು ಬಿಟ್ಟು ಕಾಡು ಸೇರಿದವರು, ಗಡ್ಡ, ಸ್ಕೂಟರ್, ಕ್ಯಾಮೆರಾ, ಮೀನಿನ ಗಾಳ. ಸೋಮವಾರ ಬೆಳಗ್ಗೆ ಔಟರ್ ರಿಂಗ್ ರೋಡ್ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡಾಗ ಆ ಚಿತ್ರ ನಮಗೆ ಬಹಳ ಹಿತವಾಗಿರುತ್ತೆ. ಆದರೆ ಅದು ಅರ್ಧ ಕಥೆ. ಅವರು ಬಿಟ್ಟಿದ್ದು ಸಾಹಿತಿಗಳ ಗುಂಪನ್ನು. ಬರೆಯೋರ, ಓದೋರ ದೊಡ್ಡ ಬಳಗದ ಜೊತೆ ಅವರ ನಂಟು ತೋಟಕ್ಕೆ ಹೋದ ಮೇಲೆ ಇನ್ನೂ ಗಟ್ಟಿಯಾಯ್ತು. ಆ ನಂಟಿಗೆ ಸೇತುವೆಯಾಗಿದ್ದು ಮರ್ಯಾದಸ್ಥ ಸಾಹಿತಿಗಳು ಮುಟ್ಟದೇ ಇದ್ದ ಒಂದು ಪ್ರಕಾರ: ರಹಸ್ಯ ಕಥೆ.

ಪಂಕ್ತಿಯಿಂದ ಹೊರಗಿದ್ದ ಪತ್ತೇದಾರಿ

ನಮ್ಮ ಅಜ್ಜ ಅಜ್ಜಿಯರ ಕಾಲದವರನ್ನ ಕೇಳಿ ನೋಡಿ, ಎನ್. ನರಸಿಂಹಯ್ಯ ಅನ್ನೋ ಹೆಸರು ಹೇಳಿದ ತಕ್ಷಣ ಮುಖ ಅರಳುತ್ತೆ. ಐನೂರಕ್ಕೂ ಹೆಚ್ಚು ಕಾದಂಬರಿ ಬರೆದವರು, ‘ಪತ್ತೇದಾರ ಪುರುಷೋತ್ತಮ’ನನ್ನು ಮನೆಮನೆಗೆ ಮುಟ್ಟಿಸಿದವರು. ಎಷ್ಟೋ ಮಂದಿ ಕನ್ನಡದಲ್ಲಿ ಇಡೀ ಪುಸ್ತಕ ಓದಿ ಮುಗಿಸೋ ರೂಢಿ ಬೆಳೆಸಿಕೊಂಡಿದ್ದೇ ಅವರಿಂದ. ಬಾಡಿಗೆ ಲೈಬ್ರರಿಗಳಲ್ಲಿ ಪುಟ ಹರಿದು ಹೋಗೋವರೆಗೆ ಓಡಾಡಿದ ಪುಸ್ತಕಗಳವು. ಆದ್ರೆ ವಿಮರ್ಶಕರ ಲೇಖನಗಳಲ್ಲಿ, ವಿಶ್ವವಿದ್ಯಾಲಯದ ಪಠ್ಯಗಳಲ್ಲಿ ಆ ಹೆಸರು ಹುಡುಕಿದ್ರೆ ಸಿಗೋದು ಕಷ್ಟ. ಪತ್ತೇದಾರಿ ಅಂದ್ರೆ ಹೊತ್ತು ಕಳೆಯೋಕೆ, ಸಾಹಿತ್ಯ ಅಂದ್ರೆ ಬೇರೆ ಅನ್ನೋ ಗೆರೆ ಬಹಳ ಗಟ್ಟಿಯಾಗಿತ್ತು.

ತೇಜಸ್ವಿಗೆ ಈ ಗೆರೆಯ ಮರ್ಯಾದೆಯ ಕಡೆ ಹುಟ್ಟಿನಿಂದಲೇ ಜಾಗ ಸಿಕ್ಕಿತ್ತು. 1938ರ ಸೆಪ್ಟೆಂಬರ್ 8ರಂದು ಹುಟ್ಟಿದ ಕುವೆಂಪು ಮಗ. ಓದಿದ್ದು ಮೈಸೂರಿನಲ್ಲಿ, ಕನ್ನಡ ಎಂ.ಎ. ಆಗ ಮೈಸೂರು ಅಂದ್ರೆ ನವ್ಯ ಸಾಹಿತ್ಯದ ಕಾವು ತುಂಬಿದ್ದ ಜಾಗ. ಕಾಲೇಜು ಮೇಷ್ಟ್ರಾಗಿ, ವಿಚಾರ ಸಂಕಿರಣಗಳಿಗೆ ಓಡಾಡಿಕೊಂಡು ಇರೋ ದಾರಿ ಅವರ ಮುಂದೆ ಹಾಸಿತ್ತು. ಅವರು ಮೂವತ್ತು ತುಂಬೋದರೊಳಗೆ ಮೂಡಿಗೆರೆ ಕಡೆ ತೋಟ ಮಾಡೋಕೆ ಹೊರಟರು. ಮೊದಲು ‘ಚಿತ್ರಕೂಟ’, ಆಮೇಲೆ ‘ನಿರುತ್ತರ’. ಮನೆಗೆ ‘ಉತ್ತರ ಇಲ್ಲದ್ದು’ ಅಂತ ಹೆಸರಿಟ್ಟವರು ರಹಸ್ಯ ಕಥೆ ಬರೆದಿದ್ದರಲ್ಲಿ ಆಶ್ಚರ್ಯ ಏನಿದೆ?

1973ರಲ್ಲಿ ‘ಅಬಚೂರಿನ ಪೋಸ್ಟಾಫೀಸು’ ಕಥಾಸಂಕಲನ ಬಂತು. ಅದರ ಮುನ್ನುಡಿ ಕನ್ನಡದಲ್ಲಿ ಇವತ್ತಿಗೂ ಚರ್ಚೆಯಾಗುತ್ತೆ. ನವ್ಯದ ಹಾದಿ ಸವೆದುಹೋಗಿದೆ, ಹೊಸ ದಿಕ್ಕು ಹಿಡೀಬೇಕು ಅಂತ ತೇಜಸ್ವಿ ಅದರಲ್ಲಿ ನೇರವಾಗಿ ಹೇಳಿದ್ರು. ತಮ್ಮ ಮೇಲೆ ಪ್ರಭಾವ ಬೀರಿದವರು ಅಂತ ಲೋಹಿಯಾ, ಕುವೆಂಪು, ಶಿವರಾಮ ಕಾರಂತರ ಹೆಸರು ತೆಗೆದುಕೊಂಡ್ರು. ಒಬ್ಬರು ರಾಜಕಾರಣಿ, ಇನ್ನೊಬ್ಬರು ಅಪ್ಪ, ಮೂರನೆಯವರು ಪುತ್ತೂರಿನಲ್ಲಿ ಕೂತು ಕಾದಂಬರಿ, ಯಕ್ಷಗಾನ, ವಿಜ್ಞಾನ ಎಲ್ಲದಕ್ಕೂ ಕೈಹಾಕಿದ ಮನುಷ್ಯ. ರಾಜಧಾನಿಯಿಂದ ದೂರ ಇದ್ದುಕೊಂಡೇ ಬರೆದು ಬದುಕಬಹುದು ಅನ್ನೋದಕ್ಕೆ ಕಾರಂತರು ಅದಾಗಲೇ ಸಾಕ್ಷಿಯಾಗಿದ್ದರು.

ಹಳ್ಳಿಯಲ್ಲಿ ಗುಟ್ಟು ಹೇಗಿರುತ್ತೆ

ಪಟ್ಟಣದ ಪತ್ತೇದಾರಿ ಕಥೆಗೆ ಒಂದು ಅನುಕೂಲ ಇದೆ. ಅಲ್ಲಿ ಪಕ್ಕದ ಫ್ಲ್ಯಾಟಿನವರ ಹೆಸರು ಕೂಡ ಯಾರಿಗೂ ಗೊತ್ತಿರಲ್ಲ. ಬಾಗಿಲು ಹಾಕಿದ್ರೆ ಗುಟ್ಟು ಒಳಗೇ ಉಳಿಯುತ್ತೆ. ಹಳ್ಳಿಯಲ್ಲಿ ಹಾಗಲ್ಲ. ಯಾರ ಮನೆಗೆ ಯಾರು ಬಂದ್ರು, ಯಾರ ದನ ಯಾರ ಗದ್ದೆಗೆ ನುಗ್ತು, ಎಲ್ಲ ಎಲ್ಲರಿಗೂ ಗೊತ್ತು. ಹಾಗಿದ್ರೆ ಅಲ್ಲಿ ರಹಸ್ಯ ಎಲ್ಲಿಂದ ಬರಬೇಕು?

ತೇಜಸ್ವಿ ಇದಕ್ಕೆ ಕಂಡುಕೊಂಡ ಉತ್ತರ ಅವರ ಕಥೆಗಳಲ್ಲೇ ಇದೆ. ಹಳ್ಳಿಯಲ್ಲಿ ಪ್ರತಿಯೊಬ್ಬರ ಹತ್ತಿರವೂ ಸತ್ಯದ ಒಂದೊಂದು ಚೂರು ಇರುತ್ತೆ. ಆ ಚೂರಿಗೆ ಅವರವರ ಜಾತಿ, ಸಿಟ್ಟು, ಆಸೆ, ಹೆದರಿಕೆ ಅಂಟಿಕೊಂಡಿರುತ್ತೆ. ಚೂರುಗಳನ್ನ ಜೋಡಿಸೋಕೆ ಹೊರಟವನು ಮೊದಲು ಆ ಅಂಟು ಬಿಡಿಸಬೇಕು.

‘ಅಬಚೂರಿನ ಪೋಸ್ಟಾಫೀಸು’ ಕಥೆಯ ಬೋಬಣ್ಣನನ್ನೇ ತಗೊಳ್ಳಿ. ಊರಿನ ಅಂಚೆ ಕೆಲಸ ಅವನ ಕೈಲಿದೆ, ಬೇರೆಯವರ ಕಾಗದ ಒಡೆದು ಓದೋ ಚಟವೂ ಇದೆ. ಹೊರಗಿನ ಜಗತ್ತು ಊರೊಳಗೆ ಬರೋದು ಅವನ ಮೂಲಕವೇ, ಊರಿನ ಗುಟ್ಟುಗಳು ಬಂದು ಸೇರೋದೂ ಅವನಲ್ಲೇ. ಎಲ್ಲರ ವಿಷಯ ಗೊತ್ತಿರೋ ಆ ಮನುಷ್ಯನಿಗೆ ತನ್ನ ಮನೆಯೊಳಗೆ ಏನು ನಡೀತಿದೆ ಅನ್ನೋದೇ ದೊಡ್ಡ ಒಗಟಾಗಿಬಿಡುತ್ತೆ.

ಅದೇ ಸಂಕಲನದ ‘ಕುಬಿ ಮತ್ತು ಇಯಾಲ’ ಇನ್ನೂ ನೇರವಾದ ಪತ್ತೇದಾರಿ ಕಥೆ. ಹಳ್ಳಿ ಆಸ್ಪತ್ರೆಯ ಡಾಕ್ಟರ್ ಕುಬಿ, ಇಯಾಲ ಅನ್ನೋ ಹುಡುಗಿಯ ಸಾವಿನ ಕಾರಣ ಹುಡುಕ್ತಾ ಹೋಗ್ತಾನೆ. ಅವನಿಗೆ ಪೊಲೀಸ್ ಅಧಿಕಾರ ಇಲ್ಲ, ಇರೋದು ವೈದ್ಯನ ಕುತೂಹಲ ಮಾತ್ರ. ಸುತ್ತಲಿನ ಮೂಢನಂಬಿಕೆ, ಸೋಮಾರಿತನ, ‘ನಮಗ್ಯಾಕೆ ಬಿಡಿ ಸಾರ್’ ಅನ್ನೋ ಧೋರಣೆ ಇವೇ ಅವನಿಗೆ ಎದುರಾಗೋ ಪಾತಕಿಗಳು.

1980ರ ‘ಕರ್ವಾಲೊ’ದಲ್ಲಿ ಕೊಲೆಯೇ ಇಲ್ಲ. ಆದರೂ ಅದರ ಕಟ್ಟು ಪತ್ತೇದಾರಿ ಕಾದಂಬರಿಯದ್ದೇ. ಮೂಡಿಗೆರೆ ಜೇನು ಸೊಸೈಟಿಯಿಂದ ಶುರುವಾಗೋ ಕಥೆಯಲ್ಲಿ ಸಾಕ್ಷಿಯೊಬ್ಬನಿದ್ದಾನೆ, ಮಂದಣ್ಣ. ಅವನ ಮಾತನ್ನ ಎಷ್ಟು ನಂಬಬೇಕೋ ಗೊತ್ತಾಗಲ್ಲ. ತಜ್ಞರೊಬ್ಬರಿದ್ದಾರೆ, ವಿಜ್ಞಾನಿ ಕರ್ವಾಲೊ. ಅವರು ಹುಡುಕ್ತಿರೋ ‘ಆರೋಪಿ’ ಒಂದು ಹಾರುವ ಓತಿ. ಪಶ್ಚಿಮ ಘಟ್ಟದಲ್ಲಿ ಇಂಥ ಓತಿಗಳು ನಿಜಕ್ಕೂ ಇವೆ. ಪಕ್ಕೆಲುಬುಗಳ ಮೇಲೆ ಹರಡಿದ ಚರ್ಮವನ್ನ ಬಿಚ್ಚಿ ಮರದಿಂದ ಮರಕ್ಕೆ ತೇಲಿ ಹೋಗ್ತವೆ. ಕಾದಂಬರಿಯಲ್ಲಿ ಆ ಓತಿ ಕೈಗೆ ಸಿಗೋ ಹಂತಕ್ಕೆ ಬಂದು ಕಣಿವೆಯ ಕಡೆ ತೇಲಿ ಮರೆಯಾಗುತ್ತೆ. ಕೇಸು ಮುಗಿಯೋದಿಲ್ಲ. ಆದ್ರೆ ಹುಡುಕೋಕೆ ಹೋದವರು ಮೊದಲಿನ ಹಾಗೆ ವಾಪಸ್ ಬರೋದೂ ಇಲ್ಲ.

‘ಚಿದಂಬರ ರಹಸ್ಯ’ದ ಹೆಸರೇ ಒಂದು ಸುಳಿವು. ಚಿದಂಬರಂ ದೇವಸ್ಥಾನದಲ್ಲಿ ಪರದೆ ಸರಿಸಿದ್ರೆ ಹಿಂದೆ ವಿಗ್ರಹ ಕಾಣಲ್ಲ, ಬರೀ ಬಯಲು. ಅದಕ್ಕೇ ನಮ್ಮಲ್ಲಿ ಯಾವತ್ತೂ ಬಿಡಿಸೋಕಾಗದ ಗುಟ್ಟಿಗೆ ಚಿದಂಬರ ರಹಸ್ಯ ಅನ್ನೋದು. ಅಂಗಡಿಯ ತನಿಖೆ ಮುಂದುವರಿದ ಹಾಗೆ ಜೋಗಿಹಾಳ್‌ನನ್ನ ಕೊಂದವರು ಯಾರು ಅನ್ನೋ ಪ್ರಶ್ನೆ ಹಿಂದಕ್ಕೆ ಸರಿದು, ಇಡೀ ಊರನ್ನ ಕೊಲ್ತಾ ಇರೋದು ಏನು ಅನ್ನೋ ಪ್ರಶ್ನೆ ಮುಂದೆ ಬರುತ್ತೆ. ಕೊನೆಯಲ್ಲಿ ಬರೋ ಬೆಂಕಿ ಯಾವ ಜಾತಿ, ಯಾವ ಪಕ್ಷ ಅಂತ ಕೇಳೋದಿಲ್ಲ.

ಇದರಲ್ಲಿ ಏಲಕ್ಕಿಯನ್ನ ಅಲಂಕಾರಕ್ಕೆ ಅಂತ ತಂದಿಟ್ಟಿದ್ದಲ್ಲ. ಮಲೆನಾಡಿನ ಏಲಕ್ಕಿ ಬೆಳೆಗಾರರನ್ನ ಕಾಡಿದ ಕಟ್ಟೆ ರೋಗ ಅಂತ ಒಂದಿದೆ. ವೈರಸ್‌ನಿಂದ ಬರೋದು, ಗಿಡಹೇನುಗಳು ಹರಡೋದು. ರೋಗ ಬಂದ ಗಿಡವನ್ನ ಬುಡಸಮೇತ ಕಿತ್ತು ಹಾಕದೆ ಬೇರೆ ದಾರಿ ಇಲ್ಲ. ತಾನೇ ಬೆಳೆಗಾರನಾಗಿದ್ದವನಿಗೆ ಮಾತ್ರ ಒಂದು ಬೆಳೆಯ ಕುಸಿತದಲ್ಲಿ ಕೊಲೆಯಷ್ಟೇ ಭಯಾನಕವಾದ ಕಥೆ ಕಾಣೋಕೆ ಸಾಧ್ಯ.

1994ರ ‘ಜುಗಾರಿ ಕ್ರಾಸ್’ನಲ್ಲಿ ಇದೇ ಏಲಕ್ಕಿ ಮತ್ತೆ ಬರುತ್ತೆ, ಈ ಸಲ ಥ್ರಿಲ್ಲರ್ ವೇಗದಲ್ಲಿ. ಸುರೇಶ, ಗೌರಿ ಅನ್ನೋ ಯುವ ದಂಪತಿ ಏಲಕ್ಕಿ ಮಾರೋಕೆ ಹೊರಟವರು ಭೂಗತ ಜಗತ್ತಿನ ಕೈಗೆ ಸಿಕ್ಕಿಬೀಳ್ತಾರೆ. ಕೆಂಪು ಕಲ್ಲುಗಳ ಮೇಲೆ ಕಣ್ಣಿಟ್ಟವರು, ಹಳೆಯ ಕಾವ್ಯದೊಳಗೆ ಅಡಗಿದ ಸುಳಿವು, ಯಾರು ನಂಬಿಕಸ್ಥರು ಯಾರು ಅಲ್ಲ ಅಂತ ತಿಳಿಯದ ಗೊಂದಲ, ಎಲ್ಲ ಒಂದೇ ದಿನದ ಓಟದಲ್ಲಿ. ಜುಗಾರಿ ಅಂದ್ರೆ ಜೂಜು. ಮಾರುಕಟ್ಟೆ ದರ ನಂಬಿ ಬೆಳೆ ಬೆಳೆಯೋದೇ ಒಂದು ಜೂಜು ಅನ್ನೋದು ಆ ಹೆಸರಿನಲ್ಲೇ ಇದೆ.

ತೋಟದಿಂದ ಹೊರಟ ದಾರಿಗಳು

ಕಥೆ ಬರೆದರೆ ಸಾಲದು, ಅದು ಓದುಗರ ಕೈ ಸೇರಬೇಕು. ಇವತ್ತಿನ ಹಾಗೆ ಫೋನ್ ತೆಗೆದು ಪೋಸ್ಟ್ ಮಾಡೋ ಕಾಲ ಅಲ್ಲ ಅದು. ಮಳೆಗಾಲದಲ್ಲಿ ಮರ ಬಿದ್ರೆ ಕರೆಂಟ್ ಹೋಗುತ್ತೆ, ರಸ್ತೆ ಕಟ್ಟುತ್ತೆ. ಆದರೂ ತೇಜಸ್ವಿ ಬರಹ ರಾಜ್ಯದ ಮೂಲೆಮೂಲೆಗೆ ಹೋಯ್ತು.

ಒಂದು ದಾರಿ, ಪತ್ರಿಕೆ. 1980ರಲ್ಲಿ ಪಿ. ಲಂಕೇಶ್ ಶುರುಮಾಡಿದ ‘ಲಂಕೇಶ್ ಪತ್ರಿಕೆ’ ಜಾಹೀರಾತಿಲ್ಲದೆ, ಬರೀ ಓದುಗರ ದುಡ್ಡಿನಿಂದ ನಡೆದ ವಾರಪತ್ರಿಕೆ. ಅದರಲ್ಲಿ ತೇಜಸ್ವಿ ಬರೀತಿದ್ರು. ವಿಚಾರ ಸಂಕಿರಣದ ಮುಂದಿನ ಸಾಲಿನಲ್ಲಿ ಕೂರೋರ ಬದಲು, ಬಸ್ಸಿನಲ್ಲಿ ನಿಂತು ಪತ್ರಿಕೆ ಓದೋರು ಅವರಿಗೆ ಸಿಕ್ಕಿದ್ದು ಹೀಗೆ. ಇಬ್ಬರಿಗೂ ಸಮಾಜವಾದಿ ಹಿನ್ನೆಲೆ ಇತ್ತು, ರೈತ ಚಳವಳಿಯ ಒಡನಾಟ ಇತ್ತು. ಅಂದ್ರೆ ತೇಜಸ್ವಿಯವರ ‘ಸಾಹಿತ್ಯ ಬಳಗ’ದಲ್ಲಿ ಸಾಹಿತಿಗಳಿಗಿಂತ ರೈತರು, ಹೋರಾಟಗಾರರು, ಪತ್ರಕರ್ತರು ಹೆಚ್ಚು.

ಎರಡನೆಯದು, ಪುಸ್ತಕ. ತಮ್ಮದೇ ‘ಪುಸ್ತಕ ಪ್ರಕಾಶನ’ ಕಟ್ಟಿಕೊಂಡ್ರು. ಬರೆಯೋದರ ಜೊತೆಗೆ ಚಿತ್ರ, ಮುಖಪುಟ, ಮುದ್ರಣ ಎಲ್ಲದರಲ್ಲೂ ಕೈ ಆಡಿಸಿದ್ರು. ಪ್ರಕಾಶಕರ ಬಾಗಿಲಲ್ಲಿ ಕಾಯೋ ಕೆಲಸ ತಪ್ಪಿತು, ಯಾವ ಪುಸ್ತಕ ಯಾವಾಗ ಯಾವ ಬೆಲೆಗೆ ಬರಬೇಕು ಅನ್ನೋದು ಅವರದೇ ತೀರ್ಮಾನವಾಯ್ತು.

ಮೂರನೆಯದು, ಅನುವಾದ. ಇದು ನನಗೆ ಎಲ್ಲಕ್ಕಿಂತ ಕುತೂಹಲದ್ದು. ಜಿಮ್ ಕಾರ್ಬೆಟ್, ಕೆನೆತ್ ಆ್ಯಂಡರ್ಸನ್ ಬರೆದ ಬೇಟೆಯ ಕಥೆಗಳನ್ನ ಅವರು ಕನ್ನಡಕ್ಕೆ ತಂದ್ರು. ಸರಿಯಾಗಿ ನೋಡಿದ್ರೆ ಅವೂ ಪತ್ತೇದಾರಿ ಕಥೆಗಳೇ. ಹೆಜ್ಜೆ ಗುರುತು, ಮುರಿದ ಕಡ್ಡಿ, ಬೆದರಿದ ಲಂಗೂರಿನ ಕೂಗು, ಇವೇ ಸುಳಿವು. ರುದ್ರಪ್ರಯಾಗದ ಚಿರತೆ ದಾಖಲೆಗಳ ಪ್ರಕಾರ 125 ಜನರನ್ನ ಕೊಂದಿತ್ತು, ಕಾರ್ಬೆಟ್ ಅದನ್ನ ಹೊಡೆದದ್ದು 1926ರಲ್ಲಿ. ಸರಣಿ ಕೊಲೆಗಾರನ ಕಥೆಗೆ ಇದಕ್ಕಿಂತ ಬೇರೆ ಏನು ಬೇಕು? ಇನ್ನು ಆ್ಯಂಡರ್ಸನ್ ನಮ್ಮ ಬೆಂಗಳೂರಿನವರೇ, ಬರೆದದ್ದು ಮಾತ್ರ ಇಂಗ್ಲಿಷ್‌ನಲ್ಲಿ. ಮಾಗಡಿ, ಜಾಲಹಳ್ಳಿ ಸುತ್ತಿನ ಕಥೆಗಳು ಇಂಗ್ಲಿಷ್ ಓದುಗರ ಲೋಕ ಸುತ್ತಿ, ಮೂಡಿಗೆರೆಯ ಮೂಲಕ ಮತ್ತೆ ಕನ್ನಡಕ್ಕೆ ಬಂದವು. ಪ್ರದೀಪ್ ಕೆಂಜಿಗೆಯವರ ಜೊತೆ ಸೇರಿ ಮಾಡಿದ ‘ಪ್ಯಾಪಿಲಾನ್’, ಸೈಬೀರಿಯಾದ ಸೆರೆಯಿಂದ ತಪ್ಪಿಸಿಕೊಂಡ ಕಥೆಯಾದ ‘ಮಹಾಪಲಾಯನ’, ಹದಿನಾರು ಪುಸ್ತಕಗಳ ಮಿಲೆನಿಯಮ್ ಸರಣಿ, ಎಲ್ಲ ಇದೇ ದಾರಿಯವು. ಪಾಸ್‌ಪೋರ್ಟ್ ಇಲ್ಲದ ಹೈಸ್ಕೂಲು ಹುಡುಗ ಹುಡುಗಿಯರು ತಾಲ್ಲೂಕು ಲೈಬ್ರರಿಯಲ್ಲಿ ಕೂತು ಜಗತ್ತು ಸುತ್ತಿದ್ದು ಈ ಪುಸ್ತಕಗಳಲ್ಲಿ.

ನಾಲ್ಕನೆಯದು, ಸಿನಿಮಾ. ‘ಅಬಚೂರಿನ ಪೋಸ್ಟಾಫೀಸು’ ಕಥೆಯನ್ನ ಎನ್. ಲಕ್ಷ್ಮೀನಾರಾಯಣ್ ತೆರೆಗೆ ತಂದ್ರು. ಗಿರೀಶ್ ಕಾಸರವಳ್ಳಿಯವರ ‘ತಬರನ ಕಥೆ’ 1986ರ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ಅತ್ಯುತ್ತಮ ಚಿತ್ರ ಅನ್ನಿಸಿಕೊಂಡಿತು. ತಬರನಾಗಿ ನಟಿಸಿದ ಚಾರುಹಾಸನ್‌ಗೆ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯೋ ಮಲೆನಾಡಿನ ಒಬ್ಬ ಸಣ್ಣ ನೌಕರನ ಕಥೆ ದೆಹಲಿಯವರೆಗೆ ಹೋಯ್ತು. ಸದಾನಂದ ಸುವರ್ಣ ‘ಕುಬಿ ಮತ್ತು ಇಯಾಲ’ ಮಾಡಿದ್ರು.

ಹಳ್ಳಿಯಲ್ಲಿದ್ದು ಜಗತ್ತಿನ ಜೊತೆ ಮಾತಾಡಿದ ಇನ್ನೊಂದು ಮಾದರಿಯೂ ಮಲೆನಾಡಿನಲ್ಲೇ ಇದೆ. ಸಾಗರದ ಹತ್ತಿರದ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ, ಅದನ್ನ ಬೆಳೆಸಿ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಕೆ.ವಿ. ಸುಬ್ಬಣ್ಣ. ಸುಬ್ಬಣ್ಣ ನಾಟಕ, ಸಿನಿಮಾ, ಚರ್ಚೆ ಅಂತ ಜಗತ್ತನ್ನೇ ಹೆಗ್ಗೋಡಿಗೆ ಕರೆಸಿದ್ರು. ತೇಜಸ್ವಿಗೆ ಸಭೆ ಸಮಾರಂಭದ ಒಲವಿರಲಿಲ್ಲ. ಅವರು ತೋಟದಲ್ಲಿ ಕೂತು ಒಂದೊಂದೇ ಪುಸ್ತಕ ಹೊರಗೆ ಕಳಿಸಿದ್ರು. ಎರಡೂ ದಾರಿ ಊರಿಂದಲೇ ಹೊರಟಿದ್ದು.

ಕಂಪ್ಯೂಟರಿನೊಳಗಿನ ಕನ್ನಡ

ಕೋಡ್ ಬರೆದು ಹೊಟ್ಟೆ ಹೊರೆಯೋ ನನ್ನಂಥವರಿಗೆ ತೇಜಸ್ವಿ ಇನ್ನೊಂದು ಕಾರಣಕ್ಕೆ ಹತ್ತಿರ. ಕಾಫಿ ತೋಟದ ಈ ಬರಹಗಾರ ಕನ್ನಡ ತಂತ್ರಾಂಶಕ್ಕಾಗಿ ಹಟ ಹಿಡಿದು ಕೆಲಸ ಮಾಡಿದವರು.

ಯೂನಿಕೋಡ್ ಬಳಕೆಗೆ ಬರೋ ಮುಂಚಿನ ಪರಿಸ್ಥಿತಿ ಇವತ್ತು ಇಪ್ಪತ್ತೈದರ ಆಸುಪಾಸಿನವರಿಗೆ ಊಹಿಸೋದೂ ಕಷ್ಟ. ಆಗ ಕನ್ನಡ ಅಕ್ಷರಗಳನ್ನ ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳ ಮೇಲೆ ಕೂರಿಸ್ತಿದ್ರು. ಒಂದು ಪ್ಯಾಕೇಜಿನಲ್ಲಿ ‘ಕ’ ಕೂತಿರೋ ಜಾಗದಲ್ಲಿ ಇನ್ನೊಂದರಲ್ಲಿ ಬೇರೇನೋ ಇರ್ತಿತ್ತು. ಮೈಸೂರಿನಲ್ಲಿ ಟೈಪ್ ಮಾಡಿದ ಲೇಖನವನ್ನ ಹುಬ್ಬಳ್ಳಿಯಲ್ಲಿ ತೆರೆದ್ರೆ, ಅದೇ ಫಾಂಟ್ ಇಲ್ಲದಿದ್ರೆ, ಪರದೆ ತುಂಬ ಚಿತ್ರವಿಚಿತ್ರ ಗುರುತುಗಳು. ಹುಡುಕೋಕೆ ಆಗಲ್ಲ, ಅಕಾರಾದಿಯಾಗಿ ಜೋಡಿಸೋಕೆ ಆಗಲ್ಲ. ಕಂಪ್ಯೂಟರ್ ಪಾಲಿಗೆ ಅದು ಕನ್ನಡವೇ ಅಲ್ಲ. ಈಗ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಅಂತಲೇ 128 ಸ್ಥಾನಗಳ ಜಾಗ ಇದೆ. ಹಾಗಾಗಿಯೇ ನೀವು ಈ ಸಾಲನ್ನ ಯಾವ ಫೋನಿನಲ್ಲಿ ತೆರೆದ್ರೂ ಓದಬಹುದು.

ಕನ್ನಡ ಕಂಪ್ಯೂಟರಿನೊಳಗೆ ಪೂರ್ತಿಯಾಗಿ ಇಳಿಯದಿದ್ರೆ ಮುಂದೆ ಭಾಷೆಗೇ ಉಳಿಗಾಲವಿಲ್ಲ ಅನ್ನೋದು ತೇಜಸ್ವಿಯವರ ಕಾಳಜಿಯಾಗಿತ್ತು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಹೊರತಂದ ‘ಕುವೆಂಪು ಕನ್ನಡ ತಂತ್ರಾಂಶ’ದ ಹಿಂದೆ ಅವರ ಒತ್ತಾಸೆ ಇತ್ತು. ಅರವತ್ತು ದಾಟಿದ ಮೇಲೂ ಒಬ್ಬ ಬರಹಗಾರ ಈ ಕೆಲಸಕ್ಕೆ ಬಿದ್ದದ್ದು ಯಾಕೆ? ಮೂಡಿಗೆರೆಯಲ್ಲಿ ಕೂತವರಿಗೆ ಇದರ ಬೆಲೆ ಬೇಗ ಗೊತ್ತಾಗುತ್ತೆ ಅಂತ ನನಗನ್ನಿಸುತ್ತೆ. ಬೆಂಗಳೂರಿನವರಾದ್ರೆ ಹಸ್ತಪ್ರತಿ ಹಿಡಿದು ಪ್ರೆಸ್ಸಿಗೆ ಹೋಗಬಹುದು, ಸಂಪಾದಕರನ್ನ ಕಾಫಿಗೆ ಕರೀಬಹುದು. ದೂರದವರಿಗೆ ಅಕ್ಷರವೇ ರಸ್ತೆ. ಆ ರಸ್ತೆ ಚೆನ್ನಾಗಿರಬೇಕು.

ಲೆಕ್ಕದಲ್ಲಿ ಬಿಟ್ಟುಹೋಗೋ ಹೆಸರುಗಳು

ಈ ಕಥೆಯನ್ನ ಕೇಳಿ, ಕೆಲಸಕ್ಕೆ ರಾಜೀನಾಮೆ ಕೊಟ್ಟು ಸಕಲೇಶಪುರದಲ್ಲಿ ಎರಡು ಎಕರೆ ನೋಡೋಣ ಅಂತ ಯಾರಿಗಾದರೂ ಅನ್ನಿಸಿದ್ರೆ, ಇನ್ನೂ ಎರಡು ವಿಷಯ ಗಮನಿಸಬೇಕು.

ಮೊದಲನೆಯದು ರಾಜೇಶ್ವರಿ ತೇಜಸ್ವಿ. ಮೈಸೂರಿನಲ್ಲಿ ತತ್ವಶಾಸ್ತ್ರದಲ್ಲಿ ಎಂ.ಎ. ಓದಿದವರು, 1966ರಲ್ಲಿ ತೇಜಸ್ವಿಯವರನ್ನ ಮದುವೆಯಾದವರು. ಮಳೆ, ಜಿಗಣೆ, ಇಬ್ಬರು ಹೆಣ್ಣುಮಕ್ಕಳು, ಬಂದುಹೋಗೋ ನೆಂಟರು, ಅಭಿಮಾನಿಗಳ ನಡುವೆ ಮನೆ ನಡೆಸಿದವರು. ಅವರು ಬರೆದ ‘ನನ್ನ ತೇಜಸ್ವಿ’ ಓದಿದ್ರೆ, ತೋಟದ ಬದುಕು ಅಂದ್ರೆ ಬರೀ ಹಕ್ಕಿ ಫೋಟೋ ಅಲ್ಲ ಅನ್ನೋದು ಗೊತ್ತಾಗುತ್ತೆ. ಒಬ್ಬರು ಬೆಳಗಿಂದ ಸಂಜೆವರೆಗೆ ಕಾಡು ಕೆರೆ ಸುತ್ತಬೇಕಾದ್ರೆ ಇನ್ನೊಬ್ಬರು ಒಲೆ ಆರದ ಹಾಗೆ ನೋಡಿಕೊಳ್ಳಬೇಕು. ದೂರದ ಬರಹಗಾರನ ಕಥೆ ಹೇಳುವಾಗ ಈ ಕೆಲಸ ಲೆಕ್ಕಕ್ಕೇ ಬರಲ್ಲ. 2021ರಲ್ಲಿ ತೀರಿಕೊಂಡ ರಾಜೇಶ್ವರಿಯವರು ಅದನ್ನ ತಾವೇ ಬರೆದಿಟ್ಟಿದ್ದರಿಂದ ನಮಗೆ ಸಿಕ್ಕಿದೆ.

ಎರಡನೆಯದು ಮನೆತನ. ತೇಜಸ್ವಿ ಗುಂಪು ಬಿಟ್ಟು ಹೋದಾಗ ಗುಂಪಿಗೆ ಅವರ ಹೆಸರು ಆಗಲೇ ಗೊತ್ತಿತ್ತು. ಕುವೆಂಪು ಮಗ ಮೂಡಿಗೆರೆಯಿಂದ ಕಳಿಸಿದ ಕಥೆಯನ್ನ ಸಂಪಾದಕರು ತೆರೆದು ನೋಡೇ ನೋಡ್ತಾರೆ. ಇದು ಅವರ ಸಾಧನೆಯನ್ನ ಸಣ್ಣದು ಮಾಡೋ ಮಾತಲ್ಲ. ಅಪ್ಪನ ನೆರಳಿನಲ್ಲಿ ಇರೋದು ಬಿಟ್ಟು, ಅಪ್ಪ ಬರೆಯದೇ ಇದ್ದ ಥರದ ಪುಸ್ತಕ ಬರೆದು, ಅಪ್ಪನನ್ನೇ ಓದದ ಓದುಗರನ್ನ ಗಳಿಸಿದ್ದು ಸಣ್ಣ ಕೆಲಸವೇನಲ್ಲ. ಆದ್ರೆ ಸಿಂಧನೂರಿನ ಒಬ್ಬ ಪಿಯು ಲೆಕ್ಚರರ್, ಚಾಮರಾಜನಗರದ ಒಬ್ಬ ನರ್ಸ್ ಇವತ್ತು ತಮ್ಮೂರಿನ ಒಂದು ಸಾವಿನ ಸುತ್ತ ಕಾದಂಬರಿ ಬರೆದ್ರು ಅಂತಿಟ್ಟುಕೊಳ್ಳಿ. ಅದನ್ನ ಮೊದಲು ಓದೋರು ಯಾರು? ನಮ್ಮ ಸಾಹಿತ್ಯ ಉತ್ಸವಗಳು, ಪುಸ್ತಕ ಬಿಡುಗಡೆಗಳು, ಭಾನುವಾರದ ಸಂವಾದಗಳು ಹೆಚ್ಚಾಗಿ ನಡೆಯೋದು ದೊಡ್ಡ ಊರುಗಳಲ್ಲಿ. ಬಸ್ ಚಾರ್ಜು, ರಜೆ, ಉಳಿಯೋಕೆ ಜಾಗ, ಇವಿಷ್ಟಿಲ್ಲದೆ ‘ಬಳಗ’ಕ್ಕೆ ಸೇರೋದು ಕಷ್ಟ.

ಇಲ್ಲೇ ತೇಜಸ್ವಿಯವರ ಉದಾಹರಣೆ ಕೆಲಸಕ್ಕೆ ಬರೋದು. ಅವರನ್ನ ಉಳಿಸಿದ್ದು ಬರಹಗಾರರ ಬಳಗಕ್ಕಿಂತ ಓದುಗರ ಬಳಗ. ಓದುಗರನ್ನ ಕಟ್ಟಿದ್ದು ‘ಮುಂದೇನಾಗುತ್ತೆ?’ ಅನ್ನೋ ಪ್ರಶ್ನೆ. ಆ ಪ್ರಶ್ನೆ ಹುಟ್ಟಿಸೋಕೆ ಊರಿನ ಹೊರಗೆಲ್ಲೂ ಹೋಗಬೇಕಾಗಿಲ್ಲ. ಜೇನು ಸೊಸೈಟಿ, ಅಂಚೆ ಕಚೇರಿ, ಏಲಕ್ಕಿ ಮಂಡಿ, ಸರ್ಕಾರಿ ಆಸ್ಪತ್ರೆ ಸಾಕು.

ನೂರು ಓದುಗರು ಮಾಡಿದ ಸಿನಿಮಾ

ತೇಜಸ್ವಿ 2007ರ ಏಪ್ರಿಲ್ 5ರಂದು ಮೂಡಿಗೆರೆಯ ಮನೆಯಲ್ಲೇ ತೀರಿಕೊಂಡ್ರು. ಹದಿನಾರು ವರ್ಷಗಳ ನಂತರ, 2023ರ ಮೇ ತಿಂಗಳಲ್ಲಿ ‘ಡೇರ್‌ಡೆವಿಲ್ ಮುಸ್ತಾಫಾ’ ಬಿಡುಗಡೆಯಾಯ್ತು. ನಿರ್ದೇಶಕ ಶಶಾಂಕ್ ಸೋಗಾಲ್‌ಗೆ ಅದು ಮೊದಲ ಸಿನಿಮಾ. ಮೂಲ ಕಥೆ 1973ರ ಅದೇ ಸಂಕಲನದ್ದು. ಅಬಚೂರಿನ ಕಾಲೇಜಿಗೆ ಮುಸ್ತಾಫಾ ಅನ್ನೋ ಒಬ್ಬನೇ ಒಬ್ಬ ಮುಸ್ಲಿಂ ಹುಡುಗ ಬಂದು ಸೇರ್ತಾನೆ. ಅವನು ಯಾರು, ಹೇಗಿರ್ತಾನೆ ಅನ್ನೋದೇ ಉಳಿದ ಹುಡುಗರಿಗೆ ಒಂದು ಒಗಟು. ಗೊತ್ತಿಲ್ಲದವನ ಬಗ್ಗೆ ಹುಟ್ಟೋ ಭಯ, ಗೊತ್ತಾದ ಮೇಲೆ ಕರಗೋ ಭಯ, ಇಷ್ಟೇ ಕಥೆ.

ಆ ಸಿನಿಮಾಕ್ಕೆ ದುಡ್ಡು ಹಾಕಿದ್ದು ಯಾವುದೋ ದೊಡ್ಡ ಬ್ಯಾನರ್ ಅಲ್ಲ, ತೇಜಸ್ವಿಯವರ ನೂರು ಜನ ಓದುಗರು. ಆಮೇಲೆ ನಟ ಡಾಲಿ ಧನಂಜಯ ಅದನ್ನ ಅರ್ಪಿಸಿದ್ರು. ಬರಹಗಾರರ ನಂಟು ಅಂದ್ರೆ ಏನು ಅಂತ ಯಾರಾದ್ರೂ ಕೇಳಿದ್ರೆ ನಾನು ಈ ನೂರು ಜನರನ್ನ ತೋರಿಸ್ತೀನಿ. ಪುಸ್ತಕ ಓದಿದ್ದು ಬಿಟ್ರೆ ಅವರಿಗೂ ಬರೆದವರಿಗೂ ಬೇರೆ ಸಂಬಂಧ ಬೇಕಾಗಿರಲಿಲ್ಲ.

ಇನ್ನೂ ಓದಿಲ್ಲದವರು ಎಲ್ಲಿಂದ ಶುರು ಮಾಡೋದು? ಮೆಟ್ರೋದಲ್ಲಿ ಓದೋಕೆ ಸಣ್ಣ ಕಥೆ ಬೇಕು ಅಂದ್ರೆ ‘ಕುಬಿ ಮತ್ತು ಇಯಾಲ’. ಒಂದು ವಾರಾಂತ್ಯ ಪೂರ್ತಿ ಕೈಯಲ್ಲಿದ್ರೆ ‘ಜುಗಾರಿ ಕ್ರಾಸ್’, ಕೆಳಗಿಡೋಕೆ ಮನಸ್ಸಾಗಲ್ಲ. ‘ಕರ್ವಾಲೊ’ ಸ್ಕೂಲಲ್ಲೋ ಕಾಲೇಜಲ್ಲೋ ಪರೀಕ್ಷೆಗೆ ಅಂತ ಓದಿ ಮರೆತಿದ್ರೆ ಇನ್ನೊಂದ್ಸಲ ತೆಗೀರಿ. ‘ಚಿದಂಬರ ರಹಸ್ಯ’ವನ್ನ ಆಮೇಲೆ ಓದಿ, ಅದಕ್ಕೆ ಸ್ವಲ್ಪ ಪುರುಸೊತ್ತು ಬೇಕು. ನಾಲ್ಕನ್ನೂ ಮುಗಿಸಿ ಚಾರ್ಮಾಡಿ ಕಡೆ ಹೊರಟ್ರೆ ದಾರಿಯಲ್ಲಿ ಕೊಟ್ಟಿಗೆಹಾರ ಸಿಗುತ್ತೆ. ಅಲ್ಲಿ ನೀರುದೋಸೆ ತಿಂದು, ಪಕ್ಕದಲ್ಲೇ ಇರೋ ತೇಜಸ್ವಿ ಪ್ರತಿಷ್ಠಾನಕ್ಕೂ ಒಂದು ಗಂಟೆ ಕೊಡಿ.

ಹಾಗೇ ನಿಮ್ಮೂರಿನಲ್ಲಿ ಬರೆಯೋರು ಯಾರಾದ್ರೂ ಇದ್ರೆ, ಅವರ ಪುಸ್ತಕವನ್ನ ದುಡ್ಡು ಕೊಟ್ಟು ತಗೊಂಡು, ಓದಿ, ಹೇಗಿದೆ ಅಂತ ಅವರಿಗೇ ಒಂದು ಮಾತು ಹೇಳಿ. ದೂರದಲ್ಲಿ ಕೂತು ಬರೆಯೋರಿಗೆ ಆ ಒಂದು ಮಾತು ತಲುಪೋದು ಬಹಳ ಮುಖ್ಯ.